ಕಿಸೆಯ ಮಡಚುಚಾಕು ಮತ್ತು ಅದರ ಲಾಕ್: ಕಾಸರಗೋಡಿನ ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರ ಮನೆಗಳಲ್ಲಿ ಕತ್ತಿಗೆ ಬರವಿಲ್ಲ. ಆದರೆ ಅಂಗಿಯ ಕಿಸೆಯಲ್ಲಿ ದಿನವೂ ಇರಬೇಕಾದ ಮಡಚುಚಾಕುವಿನ ಮಾತು ಬಂದಾಗ, ಅದರಲ್ಲಿಯೂ ತೆರೆದ ಅಲಗನ್ನು ಹಿಡಿದಿಡುವ ಲಾಕ್‌ಗಳ ಮಾತು ಬಂದಾಗ, ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಮುಂದಿನ ಉತ್ತರಗಳಲ್ಲಿ ಬಾಯಿ ಎಂದರೆ ಅಲಗಿನ ಹರಿತವಾದ ಅಂಚು, ಬೆನ್ನು ಎಂದರೆ ಅದರ ಎದುರಿನ ದಪ್ಪ ಅಂಚು, ಕೀಲು ಎಂದರೆ ಅಲಗು ತಿರುಗುವ ಮೊಳೆ, ಬುಡ ಎಂದರೆ ಕೀಲಿನ ಸುತ್ತ ಹಿಡಿಯೊಳಗೆ ಅಡಗಿರುವ ಅಲಗಿನ ಭಾಗ.

ಮನೆಯಲ್ಲಿ ಪೀಶಕತ್ತಿ ಇರುವಾಗ ಮಡಚುಚಾಕು ಏಕೆ ಬೇಕು?

ಬಲದ ಲೆಕ್ಕದಲ್ಲಿ ಬೇಕಾಗಿಲ್ಲ. ಪೀಶಕತ್ತಿಯಲ್ಲಿ ಕೀಲಿಲ್ಲ, ಲಾಕ್ ಇಲ್ಲ, ಆದ್ದರಿಂದ ಸಡಿಲವಾಗುವುದಕ್ಕೂ ಏನಿಲ್ಲ. ಜಗತ್ತಿನ ಅತ್ಯುತ್ತಮ ಲಾಕ್ ಕೂಡ ಮಡಚದ ಕತ್ತಿಯ ಗಟ್ಟಿತನವನ್ನು ಅನುಕರಿಸಲು ಮಾತ್ರ ಪ್ರಯತ್ನಿಸುತ್ತದೆ. ಆದರೆ ಪೀಶಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿ ಕಾಸರಗೋಡು ಪೇಟೆಗೆ ಹೋಗುವ ಕಾಲ ಇದಲ್ಲ. ಗೊಬ್ಬರದ ಚೀಲದ ಹೊಲಿಗೆ ಬಿಡಿಸುವುದು, ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಕೊಯ್ಯುವುದು, ಹನಿ ನೀರಾವರಿಯ ಪೈಪು ತುಂಡರಿಸುವುದು, ಮಧ್ಯಾಹ್ನ ಒಂದು ಮಾವಿನಹಣ್ಣು ಹೆಚ್ಚುವುದು, ಇಂಥ ಚಿಲ್ಲರೆ ಕೆಲಸಗಳಿಗಾಗಿ ಪ್ರತಿ ಸಲ ಮನೆಗೆ ನಡೆದು ಬರುವ ಶ್ರಮವನ್ನು ಮಡಚುಚಾಕು ಉಳಿಸುತ್ತದೆ. ನಮ್ಮ ಅಂಗಡಿಗಳಲ್ಲಿ ಮಲಯಾಳದ ಮಾತಿನಲ್ಲಿ ಪೇನಾಕತ್ತಿ ಎಂದು ಕೇಳಿದರೆ ಸಿಗುವುದು ಇದೇ ಜಾತಿಯದು.

ಲಾಕ್ ನಿಜವಾಗಿ ಏನನ್ನು ತಡೆಯುತ್ತದೆ?

ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾದರೆ ಉಳಿದವುಗಳಲ್ಲಿ ಅರ್ಧ ತಾವಾಗಿಯೇ ಬಗೆಹರಿಯುತ್ತವೆ. ಬಾಯಿಯನ್ನು ವಸ್ತುವಿನ ಮೇಲೆ ಒತ್ತಿ ಕೊಯ್ಯುವಾಗ ಬೀಳುವ ಬಲ ಅಲಗನ್ನು ಇನ್ನಷ್ಟು ತೆರೆಯುವ ದಿಕ್ಕಿನದು. ಆಗ ಅಲಗು ಹಿಡಿಯೊಳಗಿನ ತಡೆಗೆ ಆತುಕೊಂಡು ನಿಲ್ಲುತ್ತದೆ, ಲಾಕ್‌ಗೆ ಕೆಲಸವೇ ಇಲ್ಲ. ಅಪಾಯವಿರುವುದು ಬಲವು ತಿರುಗಿ ಬೆನ್ನಿನ ಮೇಲೆ ಬಿದ್ದಾಗ. ಟಾರ್ಪಾಲಿಗೆ ತುದಿಯಿಂದ ತೂತು ಮಾಡುವಾಗ, ಹಲಸಿನಕಾಯಿಯಲ್ಲಿ ಸಿಕ್ಕಿಕೊಂಡ ಅಲಗನ್ನು ಅಲುಗಾಡಿಸಿ ಎಳೆಯುವಾಗ, ಕೈ ಜಾರಿ ಚಾಕುವಿನ ಬೆನ್ನು ಕಂಬಕ್ಕೆ ತಾಗಿದಾಗ ಅಲಗು ಮಡಚಿಕೊಳ್ಳಲು ಹವಣಿಸುತ್ತದೆ, ಮತ್ತು ಅದು ಮಡಚಿಕೊಳ್ಳುವ ದಾರಿಯಲ್ಲಿ ಇರುವುದು ನಮ್ಮ ನಾಲ್ಕು ಬೆರಳುಗಳು. ಲಾಕ್ ಇರುವುದು ಆ ಬೆರಳುಗಳಿಗಾಗಿ. ಅದು ಚಾಕುವನ್ನು ಮೀಟುಗೋಲಾಗಿಯೋ ಕೊಡಲಿಯಾಗಿಯೋ ಬಳಸಲು ಕೊಟ್ಟ ಪರವಾನಗಿಯಲ್ಲ.

ಹಾಗಾದರೆ ಲಾಕ್ ಇಲ್ಲದ ಚಾಕು ಅಪಾಯಕಾರಿಯೇ?

ಅಲ್ಲ. ಗಲ್ಫಿನಿಂದ ರಜೆಯಲ್ಲಿ ಬಂದವರು ನೆಂಟರಿಗೆ ತಂದುಕೊಡುವ ಕೆಂಪು ಹಿಡಿಯ ಸ್ವಿಸ್ ಚಾಕು ನಮ್ಮ ಎಷ್ಟೋ ಮನೆಗಳ ಮೇಜಿನ ಖಾನೆಯಲ್ಲಿದೆ. ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಕ್‌ನಲ್ಲಿ ಆರಂಭಿಸಿದ ಕಾರ್ಯಾಗಾರವೇ ಇಂದಿನ ವಿಕ್ಟೋರಿನಾಕ್ಸ್. 1891ರಲ್ಲಿ ಅದು ಸ್ವಿಸ್ ಸೈನಿಕರಿಗೆ ಚಾಕು ಒದಗಿಸಿತು, 1897ರಲ್ಲಿ ಅಧಿಕಾರಿಗಳ ಚಾಕುವಿನ ವಿನ್ಯಾಸ ನೋಂದಣಿಯಾಯಿತು. ಅವರ ಪ್ರಸಿದ್ಧವಾದ 91 ಮಿಲಿಮೀಟರ್ ಹಿಡಿಯ ಚಾಕುಗಳಲ್ಲಿ ಅಲಗಿಗೆ ಲಾಕ್ ಇಲ್ಲ. ಬೆನ್ನಿನ ಕಡೆ ಇರುವ ಪಟ್ಟಿ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ. ಸಾಕಷ್ಟು ಒತ್ತಿದರೆ ಅಲಗು ಮಡಚಿಕೊಳ್ಳುತ್ತದೆ. ಲಾಕ್ ಬೇಕೆನ್ನುವವರಿಗೆ ಅದೇ ಸಂಸ್ಥೆಯ 111 ಮಿಲಿಮೀಟರಿನ ದೊಡ್ಡ ಚಾಕುಗಳಿವೆ.

ಇದಕ್ಕಿಂತಲೂ ಸರಳವಾದದ್ದು ಸ್ಪ್ರಿಂಗ್ ಕೂಡ ಇಲ್ಲದೆ ಬರಿಯ ಘರ್ಷಣೆಯಿಂದ ನಿಲ್ಲುವ ಚಾಕು. ಕ್ಷೌರಿಕರ ಹಳೆಯ ಮಡಚುಗತ್ತಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಪಾನಿನ ಹಿಗೊನೊಕಾಮಿ ಎಂಬ ಚಾಕುವಿನಲ್ಲಿ ಅಲಗಿನ ಬುಡದಿಂದ ಒಂದು ಚಿಕ್ಕ ಬಾಲ ಹೊರಗೆ ಚಾಚಿಕೊಂಡಿದ್ದು, ಕೊಯ್ಯುವಾಗ ಹೆಬ್ಬೆರಳು ಅದನ್ನು ಒತ್ತಿ ಹಿಡಿದಿರುತ್ತದೆ. ಅಲ್ಲಿ ಹೆಬ್ಬೆರಳೇ ಲಾಕ್. ಲಾಕ್ ಇಲ್ಲವೆಂದು ತಿಳಿದಿರುವವನು ಕೈಯನ್ನು ಎಚ್ಚರದಿಂದ ಇಡುತ್ತಾನೆ. ನನ್ನ ಅಭಿಪ್ರಾಯದಲ್ಲಿ, ಕೆಟ್ಟ ಲಾಕ್‌ನ ಮೇಲೆ ಪೂರ್ಣ ನಂಬಿಕೆಯಿಟ್ಟವನಿಗಿಂತ ಇವನ ಬೆರಳು ಹೆಚ್ಚು ಸುರಕ್ಷಿತ.

ಉಂಗುರ ತಿರುಗಿಸುವ ಲಾಕ್ ನಮ್ಮ ಮಳೆಗಾಲಕ್ಕೆ ಹೊಂದುತ್ತದೆಯೇ?

ಉಂಗುರಕ್ಕೆ ಮಳೆಯಿಂದ ತೊಂದರೆಯಿಲ್ಲ. ತೊಂದರೆ ಮರದ ಹಿಡಿಗೆ. ಈ ಬಗೆಯಲ್ಲಿ ಹೆಸರಾದದ್ದು ಫ್ರಾನ್ಸಿನ ಸವಾಯ್ ಪ್ರಾಂತದ ಒಪಿನೆಲ್. 1890ರ ಸುಮಾರಿಗೆ ಜೋಸೆಫ್ ಒಪಿನೆಲ್ ರೂಪಿಸಿದ ರೈತರ ಚಾಕು ಇದು. ಇದಕ್ಕೆ ಉಂಗುರದ ಲಾಕ್ ಬಂದದ್ದು 1955ರಲ್ಲಿ. ಹಿಡಿಯ ತಲೆಗೆ ತೊಡಿಸಿದ ಸೀಳುಳ್ಳ ಉಕ್ಕಿನ ಉಂಗುರವನ್ನು ತಿರುಗಿಸಿದರೆ ಅದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಒಳಗೆ ಕಸ ಸೇರಿ ಕೆಡುವ ಭಾಗಗಳಿಲ್ಲ, ಲಾಕ್ ಬಿದ್ದಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ, ಎಡಗೈ ಬಲಗೈ ಎಂಬ ಭೇದವೂ ಇಲ್ಲ. ತಾನಾಗಿ ಬೀಳುವ ಲಾಕ್ ಅಲ್ಲದ್ದರಿಂದ, ತಿರುಗಿಸಲು ಮರೆತರೆ ಮಾತ್ರ ಅದು ಇಲ್ಲದಂತೆಯೇ.

ಹಿಡಿ ಬೀಚ್ ಮರದ್ದು. ನಮ್ಮಲ್ಲಿ ಮಿಥುನ, ಕರ್ಕಾಟಕ ಮಾಸಗಳಲ್ಲಿ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವಂತೆಯೇ ಈ ಹಿಡಿಯೂ ಉಬ್ಬಿ ಅಲಗನ್ನು ಬಿಗಿಯುತ್ತದೆ. ಉಗುರಿನಿಂದ ಎಳೆದರೆ ಉಗುರು ಬರಬಹುದು, ಅಲಗು ಬರುವುದಿಲ್ಲ. ಸವಾಯ್‌ನವರಿಗೆ ಇದಕ್ಕೊಂದು ಹಳೆಯ ಉಪಾಯವಿದೆ: ಉಂಗುರವನ್ನು ಬಿಡಿಸಿ, ಹಿಡಿಯ ಹಿಂತುದಿಯನ್ನು ಗಟ್ಟಿಯಾದ ಮರಕ್ಕೆ ಒಮ್ಮೆ ತಟ್ಟಿದರೆ ಅಲಗಿನ ತುದಿ ತಾನಾಗಿ ಮೇಲೇಳುತ್ತದೆ. ಮಳೆಗಾಲ ಆರಂಭವಾಗುವ ಮೊದಲೇ, ವೃಷಭ ಮಾಸದ ಬಿಸಿಲಿನಲ್ಲಿ ಹಿಡಿಯನ್ನು ಚೆನ್ನಾಗಿ ಒಣಗಿಸಿ, ಅಲಗು ಕೂರುವ ಸೀಳಿಗೂ ಕೀಲಿನ ಸುತ್ತಲೂ ಅಗಸೆ ಎಣ್ಣೆಯನ್ನು ಕುಡಿಸಿ ಒಣಗಿಸಿದರೆ ಉಬ್ಬುವುದು ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಹಿಂಬದಿ ಲಾಕ್ ಹಳೆಯದಾಯಿತು ಎನ್ನುತ್ತಾರೆ, ನಿಜವೇ?

ಹಳೆಯದು ಹೌದು, ಕೆಲಸಕ್ಕೆ ಬಾರದ್ದಲ್ಲ. ಹಿಡಿಯ ಬೆನ್ನಿನುದ್ದಕ್ಕೂ ಏತದ ಮರದಂತೆ ನಡುವೆ ಆಧಾರವುಳ್ಳ ಒಂದು ಉಕ್ಕಿನ ಪಟ್ಟಿಯಿರುತ್ತದೆ. ಅದರ ಮುಂತುದಿಯ ಕೊಕ್ಕೆ ಅಲಗಿನ ಬುಡದ ಕಚ್ಚಿನಲ್ಲಿ ಕೂರುತ್ತದೆ, ಹಿಂತುದಿಯನ್ನು ಅದುಮಿದರೆ ಕೊಕ್ಕೆ ಏಳುತ್ತದೆ. ಅಮೆರಿಕದ ಬಕ್ ಸಂಸ್ಥೆ 1964ರಲ್ಲಿ ತಂದ 110 ಎಂಬ ಬೇಟೆಚಾಕು ಈ ಲಾಕನ್ನು ಜನಪ್ರಿಯಗೊಳಿಸಿತು. ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರದಿರುವುದು ಇದರ ದೊಡ್ಡ ಗುಣ.

ದೋಷಗಳು ಎರಡು. ಮೊದಲನೆಯದು, ಕಚ್ಚಿನೊಳಗೆ ಮಣ್ಣು ಅಥವಾ ನಾರು ಸೇರಿದರೆ ಕೊಕ್ಕೆ ಪೂರ್ತಿಯಾಗಿ ಇಳಿಯುವುದಿಲ್ಲ, ಹೊರಗಿನಿಂದ ನೋಡಿದರೆ ಇಳಿದಂತೆಯೇ ಕಾಣುತ್ತದೆ. ಎರಡನೆಯದನ್ನು ನಾನು ರಕ್ತ ಕೊಟ್ಟು ಕಲಿತೆ. ತಂದೆಯವರ ಕಾಲದ ಒಂದು ಚಾಕುವಿನಿಂದ ಒದ್ದೆ ತೆಂಗಿನ ಹಗ್ಗವನ್ನು ಕೊಯ್ಯುತ್ತಿದ್ದಾಗ ಹಿಡಿತವನ್ನು ಬಿಗಿಗೊಳಿಸಿದೆ. ಅಂಗೈಯ ಉಬ್ಬು ಬಿಡಿಸುವ ಜಾಗವನ್ನೇ ಅದುಮಿತು. ಅಲಗು ತೋರುಬೆರಳಿನ ಎರಡನೆಯ ಗಂಟಿನ ಮೇಲೆ ಬಂದು ಕೂತಿತು. ಒಳ್ಳೆಯ ತಯಾರಕರು ಈ ಕಾರಣಕ್ಕಾಗಿಯೇ ಪಟ್ಟಿಯ ಆ ಭಾಗದಲ್ಲಿ ಒಂದು ತಗ್ಗು ಕೊಡುತ್ತಾರೆ. ಕೊಳ್ಳುವಾಗ ಆ ತಗ್ಗು ಇದೆಯೇ ಎಂದು ಬೆರಳಾಡಿಸಿ ನೋಡಬೇಕು.

ಲೈನರ್ ಲಾಕ್ ಮತ್ತು ಫ್ರೇಮ್ ಲಾಕ್‌ಗೆ ವ್ಯತ್ಯಾಸವೇನು?

ತತ್ತ್ವ ಒಂದೇ. ಲೈನರ್ ಲಾಕ್‌ನಲ್ಲಿ ಹಿಡಿಯೊಳಗಿನ ತೆಳು ತಗಡೊಂದು ಸ್ಪ್ರಿಂಗ್‌ನಂತೆ ಬಾಗಿ, ಅಲಗು ತೆರೆದೊಡನೆ ಅದರ ಬುಡದ ಹಿಂದೆ ಬಂದು ನಿಲ್ಲುತ್ತದೆ. ಈ ಲಾಕನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಮೈಕೇಲ್ ವಾಕರ್, 1980ರ ದಶಕದ ಆರಂಭದಲ್ಲಿ. ಒಳಗಿನ ತೆಳು ತಗಡಿನ ಬದಲು ಹಿಡಿಯ ದಪ್ಪ ಲೋಹದ ಗೋಡೆಯನ್ನೇ ಸೀಳಿ ಲಾಕ್ ಮಾಡಿದರೆ ಅದು ಫ್ರೇಮ್ ಲಾಕ್. ಇದನ್ನು ಬಳಕೆಗೆ ತಂದವರು ಕ್ರಿಸ್ ರೀವ್. ಅವರ ಚಾಕುವಿನ ಹೆಸರು ಸೆಬೆಂಜಾ, ಜುಲು ಭಾಷೆಯಲ್ಲಿ ಕೆಲಸ ಎಂದರ್ಥ. ಫ್ರೇಮ್ ಲಾಕ್‌ನಲ್ಲಿ ಬಿಗಿಯಾಗಿ ಹಿಡಿದಷ್ಟೂ ನಮ್ಮ ಬೆರಳುಗಳೇ ಲಾಕನ್ನು ಇನ್ನಷ್ಟು ಒಳಗೆ ಒತ್ತುತ್ತವೆ.

ಎರಡರಲ್ಲಿಯೂ ತಗಡಿನ ತುದಿ ಮತ್ತು ಅಲಗಿನ ಬುಡ ಸೇರುವ ಕೋನವೇ ಸರ್ವಸ್ವ. ಆ ಕೋನ ತಪ್ಪಿದರೆ ಬೆನ್ನಿಗೆ ಪೆಟ್ಟು ಬಿದ್ದಾಗ ತಗಡು ಜಾರಿ ಪಕ್ಕಕ್ಕೆ ಸರಿಯುತ್ತದೆ. ಅಗ್ಗದ ಚಾಕುಗಳಲ್ಲಿ ಹೆಚ್ಚಾಗಿ ಕಾಣುವ ಲಾಕ್ ಇದೇ ಆಗಿರುವುದರಿಂದ, ಇದರ ಅಪಕೀರ್ತಿಗೆ ವಿನ್ಯಾಸಕ್ಕಿಂತ ಅವಸರದ ತಯಾರಿಕೆಯೇ ಕಾರಣ. ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲಿರುತ್ತದೆ ಎಂಬುದು ಇದರ ನಿಜವಾದ ಕುಂದು. ಅಲಗು ಅರ್ಧ ಇಳಿದ ಕೂಡಲೇ ಬೆರಳನ್ನು ತೆಗೆದು ಆಮೇಲೆ ಪೂರ್ತಿ ಮುಚ್ಚುವ ಅಭ್ಯಾಸವನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.

ಅಡ್ಡಕಂಬಿಯ ಲಾಕ್ ಎಂದರೆ ಯಾವುದು?

ಹಳೆಯ ಮನೆಯ ಬಾಗಿಲಿಗೆ ಅಗುಳಿ ಹಾಕಿದಂತೆ ಹಿಡಿಯ ಎರಡು ಗೋಡೆಗಳ ನಡುವೆ ಅಡ್ಡವಾಗಿ ಒಂದು ಉಕ್ಕಿನ ಕಂಬಿ ಚಲಿಸುತ್ತದೆ. ಅಲಗು ತೆರೆದಾಗ ಸ್ಪ್ರಿಂಗ್ ಆ ಕಂಬಿಯನ್ನು ಮುಂದಕ್ಕೆ ದೂಡಿ ಅಲಗಿನ ಬುಡದ ಮೇಲೆ ಕೂರಿಸುತ್ತದೆ. ಎರಡೂ ಬದಿಯಲ್ಲಿ ಕಾಣುವ ಅದರ ತಲೆಗಳನ್ನು ಹಿಂದಕ್ಕೆ ಎಳೆದರೆ ಅಲಗು ಬಿಡುಗಡೆಯಾಗುತ್ತದೆ. ಮೆಕ್‌ಹೆನ್ರಿ ಮತ್ತು ವಿಲಿಯಮ್ಸ್ ರೂಪಿಸಿದ ಇದನ್ನು ಬೆಂಚ್‌ಮೇಡ್ ಸಂಸ್ಥೆ 1998ರಲ್ಲಿ ಆಕ್ಸಿಸ್ ಲಾಕ್ ಎಂಬ ಹೆಸರಿನಲ್ಲಿ ತಂದಿತು. ಪೇಟೆಂಟಿನ ಅವಧಿ ಮುಗಿದ ಮೇಲೆ ಬೇರೆ ಬೇರೆ ಹೆಸರುಗಳಲ್ಲಿ ಹಲವು ತಯಾರಕರ ಚಾಕುಗಳಲ್ಲಿ ಅದು ಕಾಣಿಸಿಕೊಂಡಿದೆ.

ಒಂದೇ ಕೈಯಿಂದ ತೆರೆದು ಮುಚ್ಚುವುದಕ್ಕೆ, ಎಡಗೈಯವರಿಗೆ, ಬೆರಳುಗಳನ್ನು ಅಲಗಿನಿಂದ ದೂರ ಇಡುವುದಕ್ಕೆ ಇದಕ್ಕಿಂತ ಅನುಕೂಲವಾದದ್ದು ವಿರಳ. ಆದರೆ ಕಂಬಿಯನ್ನು ದೂಡುವ ಸ್ಪ್ರಿಂಗ್‌ಗಳು ಕೂದಲೆಳೆಯಂಥ ತಂತಿಗಳು. ಅವು ಒಂದು ದಿನ ತುಂಡಾಗಬಹುದು. ಕಂಬಿ ಚಲಿಸುವ ಸೀಳಿನೊಳಗೆ ಹಲಸಿನ ಮೇಣ ಸೇರಿದರಂತೂ ಅದು ಅಂಟಿಕೊಂಡು ಅರ್ಧದಲ್ಲೇ ನಿಲ್ಲುತ್ತದೆ. ಪೇಟೆಯಲ್ಲಿ ಕೆಲಸ ಮಾಡುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ, ತೋಟದವರಿಗೆ ಅಷ್ಟು ಧೈರ್ಯದಿಂದ ಸೂಚಿಸಲಾರೆ.

ಇವುಗಳಲ್ಲಿ ಅತ್ಯಂತ ಬಲವಾದ ಲಾಕ್ ಯಾವುದು?

ಚೆನ್ನಾಗಿ ತಯಾರಿಸಿದ ಹಿಂಬದಿ ಲಾಕ್, ಫ್ರೇಮ್ ಲಾಕ್, ಅಡ್ಡಕಂಬಿ ಲಾಕ್ ಈ ಮೂರೂ ಕಿಸೆಚಾಕುವಿನ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಬಲವಾಗಿಯೇ ಇರುತ್ತವೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಕೈ ಒದ್ದೆಯಾಗಿ, ಮೇಣ ಮೆತ್ತಿಕೊಂಡು, ಕತ್ತಲಾಗುತ್ತಿರುವಾಗ ಯಾವ ಲಾಕ್ ಪೂರ್ತಿ ಬಿದ್ದಿದೆಯೆಂದು ತಿಳಿಯುತ್ತದೆ, ಯಾವುದನ್ನು ಹರಿಯುವ ನೀರಿನಲ್ಲಿ ತೊಳೆದು ಸರಿಪಡಿಸಬಹುದು? ಈ ಅಳತೆಗೋಲಿನಲ್ಲಿ ನಮ್ಮ ತೋಟಗಳಿಗೆ ಉಂಗುರದ ಲಾಕ್ ಮೊದಲು ನಿಲ್ಲುತ್ತದೆ, ಒಳಭಾಗ ತೆರೆದು ಕಾಣುವ ಫ್ರೇಮ್ ಲಾಕ್ ಅನಂತರ.

ಉಪ್ಪುಗಾಳಿ, ಮಳೆ, ಅಡಿಕೆಯ ಚೊಗರು: ಯಾವ ಉಕ್ಕನ್ನು ಆರಿಸಬೇಕು?

ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಬೇಗ ತುಕ್ಕು ಹಿಡಿಯುತ್ತದೆ. ಹಸಿ ಅಡಿಕೆಯನ್ನು ಕೊಯ್ದರೆ ಅದರ ಚೊಗರು ಕಬ್ಬಿಣದೊಡನೆ ಸೇರಿ ಅಲಗು ಕ್ಷಣದಲ್ಲಿ ಕಪ್ಪಾಗುತ್ತದೆ. ಈ ಕಪ್ಪು ಹಾನಿಕರವಲ್ಲ, ಕೆಂಪು ತುಕ್ಕು ಹಾನಿಕರ. ಕುಂಬಳೆ, ಮಂಜೇಶ್ವರದಂತಹ ಕಡಲತೀರದವರು ತುಕ್ಕುರಹಿತ ಉಕ್ಕನ್ನೇ ಕೊಳ್ಳುವುದು ಲೇಸು. ಸ್ವೀಡನ್ ಮೂಲದ 12ಸಿ27, 14ಸಿ28ಎನ್ ಎಂಬ ಉಕ್ಕುಗಳು ಬೆಲೆ ಮತ್ತು ಗುಣ ಎರಡರಲ್ಲಿಯೂ ಹದವಾದವು. ಡಿ2 ಎಂಬುದರ ಬಾಯಿ ಬಹಳ ಕಾಲ ನಿಲ್ಲುತ್ತದೆಯಾದರೂ ಅದು ಪೂರ್ಣ ತುಕ್ಕುರಹಿತವಲ್ಲ. ಒಣ ಊರಿನವರು ಅದನ್ನು ಹೊಗಳಿದರೆಂದು ಇಲ್ಲಿ ಕೊಂಡರೆ ಆಷಾಢದೊಳಗೆ ಚುಕ್ಕೆಗಳು ಏಳುತ್ತವೆ. ಅಲಗಿಗಿಂತ ಮೊದಲು ತುಕ್ಕು ಹಿಡಿಯುವುದು ಹಿಡಿಯೊಳಗಿನ ಸ್ಪ್ರಿಂಗ್ ಮತ್ತು ತಿರುಪುಗಳು ಎಂಬುದನ್ನೂ ನೆನಪಿಡಬೇಕು.

ಬೋರ್ಡೋ ದ್ರಾವಣ ಪರೀಕ್ಷಿಸಲು ಕಿಸೆಚಾಕುವನ್ನು ಅದ್ದಬಹುದೇ?

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮದ್ದು ಬಿಡುವ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿದ ಶೇಕಡಾ 1ರ ದ್ರಾವಣದಲ್ಲಿ ಸುಣ್ಣ ಸಾಲದೇ ಹೋದರೆ, ಅದ್ದಿದ ಕತ್ತಿಯ ಮೇಲೆ ತಾಮ್ರದ ಕೆಂಪು ಲೇಪ ಕೂರುತ್ತದೆ. ಆಗ ಇನ್ನಷ್ಟು ಸುಣ್ಣ ಹಾಕಬೇಕು. ಮೈಲುತುತ್ತಿನ ತಾಮ್ರವು ಕಬ್ಬಿಣದ ಸ್ಥಾನವನ್ನು ಆಕ್ರಮಿಸುವುದರಿಂದ ಹೀಗಾಗುತ್ತದೆ. ಈ ಪರೀಕ್ಷೆಗೆ ಉಜ್ಜಿ ಹೊಳಪಿಸಿದ ಕಾರ್ಬನ್ ಉಕ್ಕೇ ಬೇಕು. ತುಕ್ಕುರಹಿತ ಉಕ್ಕಿನ ಮೇಲ್ಮೈಯಲ್ಲಿರುವ ರಕ್ಷಣಾ ಪದರ ಈ ಕ್ರಿಯೆಯನ್ನು ತಡೆಯುವುದರಿಂದ, ಲೇಪ ಕಾಣಲಿಲ್ಲವೆಂದು ದ್ರಾವಣ ಸರಿಯಿದೆ ಎಂದು ತಿಳಿದರೆ ಮೋಸಹೋಗಬಹುದು. ಕಾರ್ಬನ್ ಉಕ್ಕಿನ ಮಡಚುಚಾಕುವಾದರೂ ಅಲಗಿನ ತುದಿಯನ್ನು ಮಾತ್ರ ಅದ್ದಬೇಕು, ಕೀಲು ಮತ್ತು ಲಾಕ್‌ಗೆ ದ್ರಾವಣ ತಾಗಬಾರದು. ಅದ್ದಿದ ಚಾಕುವನ್ನು ಚೆನ್ನಾಗಿ ತೊಳೆಯದೆ ಹಣ್ಣು ಹೆಚ್ಚಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಹಲಸಿನ ಮೇಣ ಮತ್ತು ಗೇರುಬೀಜದ ಎಣ್ಣೆ ಲಾಕ್‌ಗೆ ಸೇರಿದರೆ?

ಮೇಣಕ್ಕೆ ನೀರು ತಾಗಿಸುವ ಮೊದಲು ತೆಂಗಿನೆಣ್ಣೆ ಹಚ್ಚಬೇಕು. ಕೈಗೆ ಯಾವ ಉಪಾಯವೋ ಚಾಕುವಿಗೂ ಅದೇ. ಎಣ್ಣೆಯಲ್ಲಿ ಮೇಣ ಸಡಿಲವಾದ ಮೇಲೆ ಬಟ್ಟೆಯಿಂದ ಒರೆಸಿ, ಸಾಬೂನಿನ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಕೀಲಿನ ಸುತ್ತ ತಿಕ್ಕಿ, ಬಿಸಿಲಿನಲ್ಲಿ ತೆರೆದಿಟ್ಟು ಒಣಗಿಸಬೇಕು. ಹಸಿ ಗೇರುಬೀಜ ಕೊಯ್ದ ಚಾಕುವಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ ಮತ್ತು ಹಿಡಿಯೊಳಗೆ ಉಳಿದ ಹನಿ ಮರುದಿನ ಬೆರಳಿಗೆ ತಾಗಬಹುದು.

ಕೀಲಿಗೆ ಕೊನೆಯಲ್ಲಿ ಹಾಕುವ ಎಣ್ಣೆ ಮಾತ್ರ ತೆಂಗಿನೆಣ್ಣೆ ಆಗದಿರಲಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ್ದನ್ನು ನಾವೆಲ್ಲ ನೋಡಿದವರೇ. ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿ ಸಾಕು. ಲೈನರ್ ಅಥವಾ ಫ್ರೇಮ್ ಲಾಕ್‌ನಲ್ಲಿ ತಗಡು ಮತ್ತು ಅಲಗು ಸೇರುವ ಮುಖಕ್ಕೆ ಆ ಎಣ್ಣೆಯೂ ತಾಗಬಾರದು, ಅಲ್ಲಿ ಜಾರದಿರುವುದೇ ಅದರ ಕೆಲಸ.

ಮಕ್ಕಳ ಕೈಗೆ ಯಾವ ಚಾಕು ಕೊಡಬಹುದು?

ತುದಿ ಗುಂಡಗಿರುವ, ಉಂಗುರದ ಲಾಕ್ ಇರುವ ಚಿಕ್ಕ ಚಾಕುವನ್ನು, ಹಿರಿಯರು ಪಕ್ಕದಲ್ಲಿ ಕುಳಿತಿರುವಾಗ ಮಾತ್ರ ಕೊಡಬಹುದು. ಶಾಲೆಯ ಚೀಲಕ್ಕೆ ಯಾವ ಚಾಕುವೂ ಹೋಗಬಾರದು.

ಇದನ್ನು ಒಯ್ಯುವುದಕ್ಕೆ ಕಾನೂನಿನ ಅಡ್ಡಿ ಇದೆಯೇ?

1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳ ಪ್ರಕಾರ ಆಯುಧಗಳ ಸಾಲಿಗೆ ಬರುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗಳ ಬಳಕೆಗೆಂದು ಮಾಡಿದವು ಅದರಿಂದ ಹೊರಗೆ. ಸಾಮಾನ್ಯ ಕಿಸೆಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಸ್ಥಳೀಯ ಅಧಿಸೂಚನೆಗಳು ಬೇರೆ ಇರುತ್ತವೆ. ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗುವವರು ಅಲ್ಲಿನ 1980ರ ಅಧಿಸೂಚನೆಯನ್ನು ತಿಳಿದಿರಬೇಕು: ಸ್ಪ್ರಿಂಗ್, ಗುಂಡಿ ಅಥವಾ ಬೇರೆ ಯಾಂತ್ರಿಕ ಸಾಧನದಿಂದ ತೆರೆಯುವ ಇಲ್ಲವೇ ಮುಚ್ಚುವ ಚಾಕುವಿನ ಅಲಗು 7.62 ಸೆಂಟಿಮೀಟರ್ ಉದ್ದ ಮತ್ತು 1.72 ಸೆಂಟಿಮೀಟರ್ ಅಗಲವನ್ನು ಮುಟ್ಟಿದರೆ ಅಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧವಾಗಬಹುದು. ಗುಂಡಿ ಒತ್ತಿದೊಡನೆ ತಾನಾಗಿ ಚಿಮ್ಮುವ ಚಾಕುವನ್ನು ಎಲ್ಲಿಯೂ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ತೋಟದಲ್ಲಿ ಅದಕ್ಕೆ ಕೆಲಸವಿಲ್ಲ, ಪೊಲೀಸರ ಮುಂದೆ ವಿವರಣೆಯೂ ಇಲ್ಲ.

ಕಣ್ಣೂರಿನಿಂದಾಗಲಿ ಮಂಗಳೂರಿನಿಂದಾಗಲಿ ವಿಮಾನ ಹತ್ತುವವರು ಚಾಕುವನ್ನು ಕೈಚೀಲದಲ್ಲಿ ಇಡದೆ, ಒಪ್ಪಿಸುವ ಸಾಮಾನಿನೊಳಗೆ ಇಡಬೇಕು.

ಅಂಗಡಿಯಲ್ಲಿ ಲಾಕನ್ನು ಪರೀಕ್ಷಿಸುವುದು ಹೇಗೆ?

ಅಲಗನ್ನು ನಿಧಾನವಾಗಿ ತೆರೆದಾಗಲೂ ಲಾಕ್ ಪೂರ್ತಿಯಾಗಿ ಬೀಳಬೇಕು. ಝಾಡಿಸಿ ತೆರೆದಾಗ ಮಾತ್ರ ಬೀಳುವ ಲಾಕ್ ಬೇಡ. ತೆರೆದ ಅಲಗನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಾಡಿಸಿ ನೋಡಬೇಕು. ಲೈನರ್ ಲಾಕ್ ಆದರೆ ಹಿಡಿಯಲ್ಲಿ ಅಲಗು ಮಡಚಿ ಕೂರುವ ಸೀಳಿನ ಕಡೆಯಿಂದ ಇಣುಕಿದಾಗ ತಗಡಿನ ತುದಿ ಅಲಗಿನ ಬುಡದ ಅಗಲದಲ್ಲಿ ಸುಮಾರು ಕಾಲುಭಾಗದಿಂದ ಅರ್ಧದಷ್ಟನ್ನು ಆವರಿಸಿರಬೇಕು. ಅಂಚಿಗೆ ಮಾತ್ರ ತಾಗಿದ್ದರೆ ಜಾರೀತು, ಹೊಸದರಲ್ಲೇ ಎದುರು ಗೋಡೆಯವರೆಗೆ ಸರಿದಿದ್ದರೆ ಸವೆಯಲು ಜಾಗ ಉಳಿದಿಲ್ಲ. ಕೊನೆಗೆ ಬೆರಳುಗಳನ್ನು ಅಲಗಿನ ದಾರಿಯಿಂದ ಹೊರಗಿಟ್ಟು, ಬೆನ್ನನ್ನು ಮರದ ಮೇಜಿಗೆ ಆನಿಸಿ ನಿಧಾನವಾಗಿ ಒತ್ತಬೇಕು. ಬೆನ್ನನ್ನು ಮೇಜಿಗೆ ಬಡಿದು ತೋರಿಸುವವರಿದ್ದಾರೆ. ಆ ಪೆಟ್ಟು ಒಳ್ಳೆಯ ಲಾಕನ್ನೂ ಕೆಡಿಸುತ್ತದೆ, ಅಂಗಡಿಯವರ ಮುಖವನ್ನೂ ಕೆಡಿಸುತ್ತದೆ.

ಲಾಕ್ ಸವೆದ ಚಾಕುವನ್ನು ಏನು ಮಾಡಬೇಕು?

ಕೀಲಿನ ತಿರುಪು ಸಡಿಲವಾಗಿ ಅಲುಗಾಡುತ್ತಿದ್ದರೆ ಬಿಗಿ ಮಾಡಿದರೆ ಸಾಕು. ಲಾಕ್ ಕೂರುವ ಮುಖವೇ ಸವೆದಿದ್ದರೆ ಅದನ್ನು ಅರದಿಂದ ಉಜ್ಜಿ ಸರಿಪಡಿಸುವ ಪ್ರಯತ್ನ ಬೇಡ. ಕೂದಲೆಳೆಯಷ್ಟು ಕೋನ ತಪ್ಪಿದರೂ ಅದು ಹೊರನೋಟಕ್ಕೆ ಸರಿಯಾಗಿ, ಒತ್ತಡ ಬಿದ್ದಾಗ ಮಾತ್ರ ಕೈಕೊಡುವ ಚಾಕುವಾಗುತ್ತದೆ. ನನ್ನ ಬೆರಳು ಕೊಯ್ದ ಆ ಹಿಂಬದಿ ಲಾಕ್‌ನ ಚಾಕುವಿನ ಕೊಕ್ಕೆಯೂ ಸವೆದಿತ್ತೆಂಬುದು ಆಮೇಲೆ ತಿಳಿಯಿತು. ಅದನ್ನು ಊರಿನ ಆಚಾರಿಯ ಕುಲುಮೆಗೆ ಒಯ್ದು, ಅಲಗು ತೆರೆದಿರುವಂತೆಯೇ ಹಿಡಿಗೆ ಅಡ್ಡಮೊಳೆ ಹೊಡೆಸಿ, ಮತ್ತೆಂದೂ ಮಡಚದಂತೆ ಮಾಡಿಸಿದೆ. ಕಾರ್ಬನ್ ಉಕ್ಕಿನದಾದ್ದರಿಂದ ಈಗ ಅದು ಕೊಟ್ಟಿಗೆಯಲ್ಲಿ ಮದ್ದಿನ ಡ್ರಮ್ಮಿನ ಪಕ್ಕದ ಗೂಟಕ್ಕೆ ನೇತಾಡುತ್ತಿದ್ದು, ಮಳೆಗಾಲದಲ್ಲಿ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ನೋಡಲು ಮಾತ್ರ ಕೆಳಗಿಳಿಯುತ್ತದೆ.